ಓವರ್‌ಕ್ಲಾಕಿಂಗ್: ಕೆಟ್ಟ ಕಂಪ್ಯೂಟರ್ ಕಲಿಸಿದ ಪಾಠ

(ಸಂಘದ ವಾರ್ಷಿಕ ಮಹಾಸಭೆಯ ಅಂಗವಾಗಿ ನಡೆದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಕಂಪ್ಯೂಟರ್ ಬಗ್ಗೆ ಅರ್ಧ ಗಂಟೆ ಮಾತಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ, ಯಾವ ಕೋರ್ಸ್ ಸೇರಬೇಕು, ಎಲ್ಲಿ ಕೆಲಸ ಸಿಗುತ್ತದೆ ಎಂದು ನಾನು ಹೇಳುತ್ತೇನೆಂದು ಅವರು ಎಣಿಸಿರಬಹುದು. ಆ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲೇ ಇದ್ದಾರೆ. ನಾನು ಇಪ್ಪತ್ತೈದು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬಂದವನು. ಕೆಟ್ಟದ್ದನ್ನು ಸರಿ ಮಾಡುವುದು ಹೇಗೆ ಎಂಬುದಷ್ಟೇ ನನಗೆ ಗೊತ್ತು. ಆದ್ದರಿಂದ ಇಂದು ಒಂದೇ ಒಂದು ಕಂಪ್ಯೂಟರಿನ ಕಥೆ ಹೇಳುತ್ತೇನೆ. ಅದರ ಒಡೆಯ ನಿಮ್ಮ ನಡುವೆಯೇ ಕುಳಿತಿದ್ದಾನೆ. ಹೆಸರು ಹೇಳುವುದಿಲ್ಲ. ಹೇಳಲು ಅವನ ಒಪ್ಪಿಗೆಯಿದೆ, ಆದರೆ ಹೆಸರಿನಿಂದ ಯಾರಿಗೂ ಉಪಯೋಗವಿಲ್ಲ.

2024ರ ಎಪ್ರಿಲ್. ಈದ್ ಕಳೆದು ಒಂದು ವಾರವಾಗಿತ್ತು. ರಾತ್ರಿ ಇಶಾ ನಮಾಝ್ ಮುಗಿಸಿ ಮನೆಗೆ ಬಂದರೆ ಗೇಟಿನ ಮುಂದೆ ಒಂದು ರಿಕ್ಷಾ. ಬಿಸಿಎ ಓದುವ ಹುಡುಗನೊಬ್ಬ ಬೆಡ್‌ಶೀಟಿನಲ್ಲಿ ಸುತ್ತಿದ ಕಂಪ್ಯೂಟರ್ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಗಲ್ಫ್‌ನಲ್ಲಿರುವ ಅಣ್ಣ ಎಂಟು ತಿಂಗಳ ಉಳಿತಾಯದಲ್ಲಿ ಕೊಡಿಸಿದ ಕಂಪ್ಯೂಟರ್ ಅದು.

"ಏನಾಯಿತು?" ಎಂದೆ.

"ಆಗಾಗ ನೀಲಿ ಸ್ಕ್ರೀನ್ ಬರುತ್ತದೆ ಸರ್. ಒಮ್ಮೊಮ್ಮೆ ಸುಮ್ಮನೆ ಆಫ್ ಆಗುತ್ತದೆ. ಈಗ ಫೈಲುಗಳೂ ಓಪನ್ ಆಗುತ್ತಿಲ್ಲ."

"ನೀನೇನು ಮಾಡಿದೆ?"

"ಏನೂ ಮಾಡಿಲ್ಲ ಸರ್. ತಾನಾಗಿಯೇ ಹೀಗಾಯಿತು."

ಸಭಿಕರೇ, ರಿಪೇರಿಯವರು ಪ್ರತಿದಿನ ಕೇಳುವ ಮಾತು ಇದು. ಟಿವಿ ತಂದವರೂ, ಮಿಕ್ಸಿ ತಂದವರೂ, ಮೊಬೈಲ್ ತಂದವರೂ ಇದನ್ನೇ ಹೇಳುತ್ತಾರೆ. ನಾನು ಹೆಚ್ಚು ಕೇಳಲಿಲ್ಲ. ಮೊದಲು ಡಬ್ಬ ಒಳಗೆ ತಾ, ಚಹಾ ಕುಡಿ ಎಂದೆ. ಚಹಾ ಕುಡಿಯುತ್ತಾ ಅವನು ಇನ್ನೊಂದು ವಿಷಯ ಹೇಳಿದ. ನಮ್ಮ ಸಂಘಕ್ಕೆ ಬಂದಿದ್ದ ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಅವನು ಒಪ್ಪಿಕೊಂಡಿದ್ದ. ನೂರ ನಲವತ್ತಕ್ಕೂ ಹೆಚ್ಚು ಅರ್ಜಿ. ಹೆಸರು, ಅಂಕ, ಮನೆಯ ಆದಾಯ, ಬ್ಯಾಂಕ್ ಖಾತೆಯ ನಂಬರು ಎಲ್ಲವೂ ಅದರಲ್ಲಿತ್ತು. ಓಪನ್ ಆಗದ ಫೈಲುಗಳಲ್ಲಿ ಅದೂ ಒಂದು. ಆಯ್ಕೆ ಸಮಿತಿಯ ಸಭೆ ಮುಂದಿನ ಭಾನುವಾರ. ಹುಡುಗನ ಕೈ ನಡುಗುತ್ತಿದ್ದುದು ಕಂಪ್ಯೂಟರಿಗಾಗಿ ಅಲ್ಲ, ಇದಕ್ಕಾಗಿ.

ಓವರ್‌ಕ್ಲಾಕಿಂಗ್ ಎಂದರೇನು?

ಇಲ್ಲಿ ಸ್ವಲ್ಪ ನಿಂತು, ಕಂಪ್ಯೂಟರ್ ಗೊತ್ತಿಲ್ಲದ ಹಿರಿಯರಿಗಾಗಿ ವಿಷಯ ವಿವರಿಸುತ್ತೇನೆ.

ಕಂಪ್ಯೂಟರಿನ ಪ್ರೊಸೆಸರ್ ಒಂದು ತಾಳಕ್ಕೆ ಸರಿಯಾಗಿ ಕೆಲಸ ಮಾಡುತ್ತದೆ. ದಫ್ ಬಾರಿಸುವವರು ಒಂದೇ ತಾಳಕ್ಕೆ ಹೆಜ್ಜೆ ಹಾಕುವ ಹಾಗೆ. ಆ ತಾಳಕ್ಕೆ ಕ್ಲಾಕ್ ಎಂದು ಹೆಸರು. ಸೆಕೆಂಡಿಗೆ ನೂರು ಕೋಟಿ ತಾಳ ಬಿದ್ದರೆ ಒಂದು ಗಿಗಾಹರ್ಟ್ಸ್. ಕಂಪನಿಯವರು ಪ್ರೊಸೆಸರನ್ನು ಪರೀಕ್ಷಿಸಿ, ಎಷ್ಟು ತಾಳದವರೆಗೆ ತಪ್ಪದೆ ಕೆಲಸ ಮಾಡುತ್ತದೋ ನೋಡಿ, ಅದಕ್ಕಿಂತ ಸ್ವಲ್ಪ ಕೆಳಗೆ ಗೆರೆ ಎಳೆದು ಮಾರುತ್ತಾರೆ. ಬೇಸಿಗೆಯ ಸೆಕೆಯಲ್ಲೂ, ಕರೆಂಟ್ ಸ್ವಲ್ಪ ಏರಿಳಿದಾಗಲೂ, ಐದಾರು ವರ್ಷ ಹಳೆಯದಾದ ಮೇಲೂ ಅದು ತಪ್ಪಬಾರದು ಎಂಬುದಕ್ಕಾಗಿ ಬಿಟ್ಟ ಜಾಗ ಅದು. ಆ ಜಾಗವನ್ನು ನಾವೇ ಬಳಸಿಕೊಂಡು ತಾಳವನ್ನು ಹೆಚ್ಚಿಸುವುದೇ ಓವರ್‌ಕ್ಲಾಕಿಂಗ್.

ಹೆಚ್ಚಿಸಿದರೆ ಏನಾಗುತ್ತದೆ? ಒಂದು ತಾಳ ಬಿದ್ದು ಇನ್ನೊಂದು ಬೀಳುವುದರೊಳಗೆ ಒಳಗಿನ ಕೋಟ್ಯಂತರ ಸ್ವಿಚ್ಚುಗಳು ತಮ್ಮ ಕೆಲಸ ಮುಗಿಸಿರಬೇಕು. ಮುಗಿಸದಿದ್ದರೆ ಸೊನ್ನೆ ಇರಬೇಕಾದಲ್ಲಿ ಒಂದು, ಒಂದು ಇರಬೇಕಾದಲ್ಲಿ ಸೊನ್ನೆ. ಸ್ವಿಚ್ಚುಗಳು ಬೇಗ ಕೆಲಸ ಮಾಡಲೆಂದು ವೋಲ್ಟೇಜ್ ಹೆಚ್ಚಿಸುತ್ತಾರೆ. ವೋಲ್ಟೇಜ್ ಹೆಚ್ಚಿಸಿದರೆ ಬಿಸಿ ಹೆಚ್ಚುತ್ತದೆ, ಅದೂ ಸಮಸಮವಾಗಿ ಅಲ್ಲ. ಬಿಸಿಯ ಲೆಕ್ಕದಲ್ಲಿ ತಾಳದ ವೇಗ ಒಂದು ಸಲ ಗುಣಿಸಲ್ಪಡುತ್ತದೆ, ವೋಲ್ಟೇಜ್ ಎರಡು ಸಲ ಗುಣಿಸಲ್ಪಡುತ್ತದೆ.

ನಮ್ಮ ಹುಡುಗನ ಪ್ರೊಸೆಸರ್ 2022ರಲ್ಲಿ ಬಿಡುಗಡೆಯಾದ ಎಎಂಡಿ ರೈಜನ್ 5 5600. ಆರು ಕೋರ್. ಮೂಲ ವೇಗ 3.5 ಗಿಗಾಹರ್ಟ್ಸ್. ಅಗತ್ಯ ಬಿದ್ದಾಗ ತಾನಾಗಿಯೇ 4.4ರವರೆಗೆ ಏರಿ, ಬಿಸಿಯಾದಾಗ ತಾನಾಗಿಯೇ ಇಳಿಯುತ್ತದೆ. ಅದನ್ನು ಅವನು ಆರೂ ಕೋರುಗಳಲ್ಲಿ ಸದಾ 4.6ಕ್ಕೆ ನಿಲ್ಲಿಸಿದ್ದ. ವೋಲ್ಟೇಜನ್ನು 1.4ಕ್ಕೆ ಏರಿಸಿದ್ದ. ಮೊದಲು 1.2 ವೋಲ್ಟ್ ಇತ್ತು ಎಂದಿಟ್ಟುಕೊಂಡು ಲೆಕ್ಕ ಹಾಕಿ. ವೇಗ ಹೆಚ್ಚಾದದ್ದು ನೂರಕ್ಕೆ ನಾಲ್ಕೂವರೆ. ಬಿಸಿ ಹೆಚ್ಚಾದದ್ದು ನೂರಕ್ಕೆ ಸುಮಾರು 42. ಹತ್ತು ನಿಮಿಷ ಹಿಡಿಯುವ ಕೆಲಸದಲ್ಲಿ ಅರ್ಧ ನಿಮಿಷವೂ ಉಳಿಯಲಿಲ್ಲ. ಅದಕ್ಕಾಗಿ ಕಂಪ್ಯೂಟರಿನ ನೆಮ್ಮದಿ ಹೋಯಿತು.

ನನ್ನದೇ ಒಂದು ತಪ್ಪು

ಹುಡುಗನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಕಾರಣ ಹೇಳಲೇಬೇಕು.

2000ನೇ ಇಸವಿ. ನಾನು ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸಹಾಯಕನಾಗಿದ್ದೆ. ಆ ಕಾಲದಲ್ಲಿ ಸೆಲೆರಾನ್ 300ಎ ಎಂಬ ಇಂಟೆಲ್ ಪ್ರೊಸೆಸರ್ ಬಹಳ ಹೆಸರು ಮಾಡಿತ್ತು. 1998ರಲ್ಲಿ ಬಂದದ್ದು. ಮದರ್‌ಬೋರ್ಡಿನ ತಾಳ 66 ಮೆಗಾಹರ್ಟ್ಸ್, ಪ್ರೊಸೆಸರ್ ಅದನ್ನು ನಾಲ್ಕೂವರೆ ಪಟ್ಟು ಮಾಡಿಕೊಂಡು 300ರಲ್ಲಿ ಓಡುತ್ತಿತ್ತು. ಬೋರ್ಡಿನ ತಾಳವನ್ನು 100 ಮಾಡಿದರೆ ಅದೇ ಪ್ರೊಸೆಸರ್ 450ರಲ್ಲಿ ಓಡುತ್ತದೆ. ಕಡಿಮೆ ಬೆಲೆಗೆ ದುಬಾರಿ ಪ್ರೊಸೆಸರಿನ ವೇಗ. ಇದು ನಮ್ಮಂಥ ಹುಡುಗರ ಬಾಯಲ್ಲಿ ದೊಡ್ಡ ಸುದ್ದಿಯಾಗಿತ್ತು.

ಡಿಟಿಪಿ ಸೆಂಟರ್ ನಡೆಸುತ್ತಿದ್ದ ಹಿರಿಯರೊಬ್ಬರು ಕಂಪ್ಯೂಟರ್ ಖರೀದಿಗೆ ಬಂದರು. ಮದುವೆ ಆಮಂತ್ರಣ, ಬಿಲ್ ಬುಕ್, ಮದ್ರಸದ ಹಾಜರಿ ಪುಸ್ತಕ ಎಲ್ಲವನ್ನೂ ಪೇಜ್‌ಮೇಕರಿನಲ್ಲಿ ಮಾಡುವವರು. ಕೈಯಲ್ಲಿ ಹಣ ಕಡಿಮೆ, ವೇಗ ಬೇಕು. "ನಾನು ಮಾಡಿಕೊಡುತ್ತೇನೆ" ಎಂದೆ. ಏನು ಮಾಡುತ್ತೇನೆಂದು ಹೇಳಲಿಲ್ಲ. ಅವರ ಪ್ರೊಸೆಸರ್ 100ರ ತಾಳಕ್ಕೆ ಒಗ್ಗಲಿಲ್ಲ. ವಿಂಡೋಸ್ 98 ಆರಂಭವಾಗುತ್ತಲೇ ನಿಲ್ಲುತ್ತಿತ್ತು. ಸರಿ, ನಡುವಿನ ದಾರಿ ಎಂದು 83ಕ್ಕೆ ಇಟ್ಟೆ. ಅಂಗಡಿಯ ಮೇಜಿನ ಮೇಲೆ ಒಂದು ಗಂಟೆ ಚೆನ್ನಾಗಿ ಓಡಿತು. ಕೊಟ್ಟು ಬಂದೆ.

ಎರಡು ವಾರಕ್ಕೆ ಫೋನ್ ಬಂತು. ಫೈಲ್ ಓಪನ್ ಆಗುತ್ತಿಲ್ಲ. ಹೋಗಿ ನೋಡಿ "ವೈರಸ್" ಎಂದೆ. ಫಾರ್ಮ್ಯಾಟ್ ಮಾಡಿ ಹಣ ತೆಗೆದುಕೊಂಡೆ. ಮತ್ತೆ ಒಂದು ತಿಂಗಳಿಗೆ ಅದೇ ದೂರು. ಮತ್ತೆ ವೈರಸ್, ಮತ್ತೆ ಹಣ. ಮೂರನೆಯ ಸಲ ಹೋದದ್ದು ಒಂದು ನಿಕಾಹ್ ಆಮಂತ್ರಣದ ಫೈಲು, ಪ್ರಿಂಟಿಗೆ ಹೋಗಬೇಕಾದ ಹಿಂದಿನ ರಾತ್ರಿ. ಅವರೂ ಅವರ ಮಗಳೂ ಬೆಳಗಿನವರೆಗೆ ಕುಳಿತು ಮತ್ತೆ ಟೈಪ್ ಮಾಡಿದರು.

ಕೆಲವು ತಿಂಗಳ ಮೇಲೆ ಮದರ್‌ಬೋರ್ಡಿನ ಕೈಪಿಡಿಯನ್ನು ಮೊದಲ ಬಾರಿ ಪೂರ್ತಿ ಓದಿದಾಗ ನನಗೆ ಅರ್ಥವಾಯಿತು. ಹಾರ್ಡ್‌ಡಿಸ್ಕಿನ ಕಂಟ್ರೋಲರ್ ಕೂಡ ಅದೇ ತಾಳದಿಂದ ಭಾಗಿಸಿ ಪಡೆದ ಪಿಸಿಐ ತಾಳಕ್ಕೆ ಓಡುತ್ತದೆ. 66 ಇದ್ದಾಗ ಅರ್ಧ, ಅಂದರೆ 33. ಬೋರ್ಡನ್ನು 100 ಮಾಡಿದಾಗ ಮೂರನೇ ಒಂದು ಭಾಗ, ಆಗಲೂ 33. ನಾನು ಇಟ್ಟ 83ರಲ್ಲಿ ಭಾಗಾಕಾರ ಅರ್ಧವೇ ಉಳಿದು ಅದು 41ಕ್ಕೂ ಮೇಲೇರಿತ್ತು. ಅಂದರೆ ನಾನು ಪ್ರೊಸೆಸರ್ ಒಂದನ್ನೇ ಓಡಿಸಿದೆ ಎಂದುಕೊಂಡಿದ್ದೆ. ಅದೇ ಹಗ್ಗಕ್ಕೆ ಕಟ್ಟಿದ್ದ ಹಾರ್ಡ್‌ಡಿಸ್ಕಿನ ದಾರಿಯನ್ನೂ ಎಳೆದಿದ್ದೆ. ಡಿಸ್ಕಿಗೆ ಬರೆಯುವ ಅಕ್ಷರಗಳು ದಾರಿಯಲ್ಲೇ ಕೆಡುತ್ತಿದ್ದವು. ವೈರಸ್ ಇರಲೇ ಇಲ್ಲ. ವೈರಸ್ ನಾನೇ.

ಹೋಗಿ ತಾಳವನ್ನು 66ಕ್ಕೆ ಇಳಿಸಿದೆ. ನಡೆದದ್ದನ್ನು ಹೇಳಿ ಫಾರ್ಮ್ಯಾಟ್‌ಗೆ ತೆಗೆದುಕೊಂಡ ಹಣ ಹಿಂದಿರುಗಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ವೇಗ ಬೇಕೆಂದು ಆಸೆಪಟ್ಟವನು ನಾನೇ. ಆದರೆ ನೀನು ಏನು ಮಾಡಿದ್ದೀಯೆಂದು ನನಗೆ ಗೊತ್ತಿದ್ದರೆ ಆ ಹುಡುಗಿಯ ಆಮಂತ್ರಣದ ಒಂದು ಪ್ರತಿಯನ್ನು ಕಾಗದದಲ್ಲಾದರೂ ಇಟ್ಟುಕೊಳ್ಳುತ್ತಿದ್ದೆನಲ್ಲ ಮಗನೇ" ಎಂದರು. ಆ ಮಾತು ನನಗೆ ಇಂದಿಗೂ ನೆನಪಿದೆ.

ಮೊದಲ ಹೆಜ್ಜೆ: ನಿಜ ಹೇಳುವುದು

ಈ ಕಥೆಯನ್ನು ಹುಡುಗನಿಗೂ ಹೇಳಿದೆ. ಕೇಳಿ ತಲೆ ತಗ್ಗಿಸಿದ. ಆಮೇಲೆ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದ. ಜನವರಿಯಲ್ಲಿ ಗೆಳೆಯರಿಗೆ ತೋರಿಸಲೆಂದು ಹೆಮ್ಮೆಯಿಂದ ತೆಗೆದ ಬಯೋಸ್ ಸ್ಕ್ರೀನಿನ ಫೋಟೊ. ಪ್ರೊಸೆಸರ್ ವೇಗ, ವೋಲ್ಟೇಜ್ ಎಲ್ಲವೂ ಅದರಲ್ಲಿತ್ತು. ಜೊತೆಗೆ ಅವನೇ ಮರೆತಿದ್ದ ಇನ್ನೊಂದು ಸಂಗತಿಯೂ ಇತ್ತು. 3200ರ ರ್ಯಾಮನ್ನು 3600ಕ್ಕೆ ಏರಿಸಿದ್ದ. ಹೆಮ್ಮೆಗೆಂದು ತೆಗೆದ ಫೋಟೊ ನಮಗೆ ಸಾಕ್ಷಿಯಾಯಿತು.

ಒಂದು ಹಾಳೆ ತೆಗೆದು ಬದಲಾವಣೆಗಳನ್ನೆಲ್ಲ ಬರೆದೆವು. ಪ್ರೊಸೆಸರ್ ವೇಗ, ವೋಲ್ಟೇಜ್, ರ್ಯಾಮ್ ವೇಗ, ಫ್ಯಾನಿನ ಸದ್ದು ಕಡಿಮೆ ಮಾಡಲು ಇಳಿಸಿದ ಫ್ಯಾನ್ ವೇಗ. ನಾಲ್ಕು ಬದಲಾವಣೆ, ಒಂದೇ ರಾತ್ರಿ. ಜನವರಿಯ ತಂಪಿನಲ್ಲಿ ಹತ್ತು ನಿಮಿಷ ಗೇಮ್ ಆಡಿ "ಸರಿಯಿದೆ" ಎಂದು ತೀರ್ಮಾನಿಸಿದ್ದ. ಎಪ್ರಿಲ್‌ನಲ್ಲಿ ಕೋಣೆಯ ಶಾಖ ಏಳೆಂಟು ಡಿಗ್ರಿ ಏರಿತು. ಕೋಣೆ ಎಷ್ಟು ಏರುತ್ತದೋ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಮ್ಮ ಕರಾವಳಿಯಲ್ಲಿ ಚಳಿಗಾಲದಲ್ಲಿ ಮಾಡಿದ ಪರೀಕ್ಷೆಯನ್ನು ಬೇಸಿಗೆ ಒಪ್ಪುವುದಿಲ್ಲ.

ಲಕ್ಷಣಗಳನ್ನೂ ಬರೆದೆವು. ಲಕ್ಷಣ ನೋಡಿ ಊಹಿಸಲು ಕೆಲವು ಸಾಮಾನ್ಯ ಸೂತ್ರಗಳಿವೆ. ನೀಲಿ ಸ್ಕ್ರೀನ್ ಕೂಡ ಬಾರದೆ ಥಟ್ಟನೆ ಆಫ್ ಆದರೆ ಬಿಸಿಯನ್ನೋ ಪವರ್ ಸಪ್ಲೈಯನ್ನೋ ಮೊದಲು ನೋಡಬೇಕು. ಪ್ರತಿ ಸಲವೂ ಒಂದೇ ಸಂದೇಶ, ಒಂದೇ ಫೈಲಿನ ಹೆಸರು ಬಂದರೆ ಯಾವುದೋ ಡ್ರೈವರಿನ ಮೇಲೆ ಸಂಶಯ. ಪ್ರತಿ ಸಲ ಬೇರೆ ಬೇರೆ ಸಂದೇಶ ಬಂದರೆ ರ್ಯಾಮ್ ಮೇಲೆ ಮೊದಲ ಸಂಶಯ. ಭಾರದ ಕೆಲಸ ಕೊಟ್ಟಾಗ ಮಾತ್ರ ನಿಂತರೆ ಪ್ರೊಸೆಸರಿನ ವೋಲ್ಟೇಜ್ ಮತ್ತು ಬಿಸಿ. ನಮ್ಮ ಹುಡುಗನ ಕಂಪ್ಯೂಟರಿನಲ್ಲಿ ಇವುಗಳಲ್ಲಿ ಮೂರು ಲಕ್ಷಣಗಳೂ ಒಟ್ಟಿಗೆ ಇದ್ದವು.

ಆಗ ಅವನು ಮೆಲ್ಲನೆ ಕೇಳಿದ. "ಸರ್, ವಾರಂಟಿ ಇದೆಯಲ್ಲ. ಎಲ್ಲವನ್ನೂ ಮೊದಲಿನ ಹಾಗೆ ಮಾಡಿ, ತಾನಾಗಿಯೇ ಕೆಟ್ಟಿತೆಂದು ಕೊಟ್ಟರೆ ಬದಲಿಸಿ ಕೊಡುತ್ತಾರಂತೆ."

ಮಿತ್ರರೇ, ಓವರ್‌ಕ್ಲಾಕ್ ಮಾಡಿ ಆದ ಹಾನಿಗೆ ಸಾಮಾನ್ಯವಾಗಿ ಕಂಪನಿಗಳ ವಾರಂಟಿ ಅನ್ವಯಿಸುವುದಿಲ್ಲ. ಗೊತ್ತಿದ್ದೂ ಮುಚ್ಚಿಟ್ಟು ಹೊಸದನ್ನು ಪಡೆದರೆ ಅದಕ್ಕೆ ಏನು ಹೆಸರೆಂದು ಮದ್ರಸದಲ್ಲಿ ಓದಿದ ನಿಮಗೆ ನಾನು ಹೇಳಬೇಕಾಗಿಲ್ಲ. ಅವನಿಗೂ ಹೇಳಲಿಲ್ಲ. "ಫಾರ್ಮ್‌ನಲ್ಲಿ ಕಾರಣ ಎಂಬ ಜಾಗದಲ್ಲಿ ಏನು ಬರೆಯುತ್ತೀ?" ಎಂದಷ್ಟೇ ಕೇಳಿದೆ. ಮತ್ತೆ ಆ ಮಾತು ಅವನು ಎತ್ತಲಿಲ್ಲ. ಕೊನೆಗೆ ನೋಡಿದರೆ ಯಾವ ಭಾಗವೂ ಸತ್ತಿರಲಿಲ್ಲ, ವಾರಂಟಿಯ ಅಗತ್ಯವೇ ಬೀಳಲಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ರಿಪೇರಿ ಶುರುವಾಯಿತು. ಇದನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು.

ಮೊದಲು ಉಳಿದಿರುವ ಫೈಲುಗಳ ರಕ್ಷಣೆ. ಆದರೆ ಕೆಟ್ಟ ಕಂಪ್ಯೂಟರಿನಿಂದಲೇ ಪೆನ್‌ಡ್ರೈವ್‌ಗೆ ನಕಲು ಮಾಡಬಾರದು. ಪ್ರತಿಯೊಂದು ಅಕ್ಷರವೂ ಆ ಕೆಟ್ಟ ರ್ಯಾಮ್ ಮೂಲಕವೇ ಹಾದುಹೋಗುತ್ತದೆ. ಒಳ್ಳೆಯ ಫೈಲೂ ನಕಲಾಗುವಾಗ ಕೆಡಬಹುದು. ಆದ್ದರಿಂದ ಅದರ ಎಸ್‌ಎಸ್‌ಡಿ ಬಿಚ್ಚಿ ನನ್ನ ಆರೋಗ್ಯವಂತ ಕಂಪ್ಯೂಟರಿಗೆ ಜೋಡಿಸಿ ಎಲ್ಲವನ್ನೂ ನಕಲು ಮಾಡಿಕೊಂಡೆವು.

ಎರಡನೆಯದು, ಗೊತ್ತಿರುವ ಒಳ್ಳೆಯ ಸ್ಥಿತಿಗೆ ಮರಳುವುದು. ಕರೆಂಟ್ ವಯರ್ ಕಿತ್ತು, ಮದರ್‌ಬೋರ್ಡಿನ ಮೇಲಿನ ನಾಣ್ಯದಂತಹ ಮೂರು ವೋಲ್ಟಿನ ಬ್ಯಾಟರಿಯನ್ನು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಬಯೋಸ್ ತನ್ನ ಎಲ್ಲ ಬದಲಾವಣೆಗಳನ್ನು ಮರೆತು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಅದಕ್ಕಾಗಿಯೇ ಬೋರ್ಡಿನಲ್ಲಿ ಒಂದು ಜಂಪರ್ ಕೂಡ ಇರುತ್ತದೆ. ಹಾಗೆಯೇ ಮಾಡಿದೆವು. ಕೂಲರ್ ಬಿಚ್ಚಿ ಧೂಳು ತೆಗೆದು ಹೊಸ ಪೇಸ್ಟ್ ಹಚ್ಚಿದೆವು.

ಮೂರನೆಯದು, ವಿಂಡೋಸ್‌ನ ಹತ್ತಿರ ಹೋಗದೆ ಪರೀಕ್ಷೆ. ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಂ ಪೆನ್‌ಡ್ರೈವ್‌ನಿಂದಲೇ ಆರಂಭವಾಗುತ್ತದೆ. ರ್ಯಾಮಿನ ಪ್ರತಿ ಮೂಲೆಯಲ್ಲಿ ಒಂದನ್ನು ಬರೆದು, ಮತ್ತೆ ಓದಿ, ಬರೆದದ್ದೇ ಬಂತೇ ಎಂದು ನೋಡುತ್ತದೆ. ರಾತ್ರಿಯಿಡೀ ಓಡಿತು. ಒಂದೂ ತಪ್ಪಿಲ್ಲ. ಹುಡುಗ ಸಂತೋಷಪಟ್ಟ. ಆದರೆ ತಪ್ಪು ಯಾವ ಬದಲಾವಣೆಯಿಂದ ಬಂತೆಂದು ನಮಗಿನ್ನೂ ಗೊತ್ತಾಗಿರಲಿಲ್ಲ.

ಇಲ್ಲಿ ನಾನು ಅವನಿಗೆ ಇಬ್ನುಲ್ ಹೈಸಮ್ ಅವರ ಪ್ರಯೋಗವನ್ನು ನೆನಪಿಸಿದೆ. 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಮಹಾ ವಿಜ್ಞಾನಿ. ಬೆಳಕಿನ ಬಗ್ಗೆ ಬರೆದ 'ಕಿತಾಬುಲ್ ಮನಾಝಿರ್' ಎಂಬ ಗ್ರಂಥದಲ್ಲಿ ಅವರು ಒಂದು ಪ್ರಯೋಗವನ್ನು ವಿವರಿಸುತ್ತಾರೆ. ಕತ್ತಲೆಯ ಜಾಗಕ್ಕೆ ಒಂದೇ ಒಂದು ರಂಧ್ರ. ಹೊರಗೆ ಬೇರೆ ಬೇರೆ ಕಡೆ ಹಲವು ದೀಪ. ಒಳಗಿನ ಗೋಡೆಯ ಮೇಲೆ ಅಷ್ಟೇ ಸಂಖ್ಯೆಯ ಬೆಳಕಿನ ಗುರುತು. ಒಂದು ದೀಪವನ್ನು ಮುಚ್ಚಿದರೆ ಅದರ ಎದುರಿನ ಒಂದು ಗುರುತು ಮಾತ್ರ ಮಾಯವಾಗುತ್ತದೆ. ಮತ್ತೆ ತೆರೆದರೆ ಮತ್ತೆ ಬರುತ್ತದೆ. ಯಾವ ಬೆಳಕು ಎಲ್ಲಿಂದ ಬಂತು, ಒಂದರ ಬೆಳಕು ಇನ್ನೊಂದರ ಜೊತೆ ಕಲಸಿಹೋಗುತ್ತದೆಯೇ ಎಂಬ ಪ್ರಶ್ನೆಗೆ ಅವರು ವಾದದಿಂದ ಉತ್ತರಿಸಲಿಲ್ಲ. ದೀಪಗಳನ್ನು ಒಂದೊಂದಾಗಿ ಮುಚ್ಚಿ ತೆರೆದು ಉತ್ತರಿಸಿದರು. ಸಾವಿರ ವರ್ಷದ ಹಿಂದಿನ ಆ ಪದ್ಧತಿಯೇ ಇಂದು ನಮ್ಮ ಮೇಜಿನ ಮೇಲಿನ ಪದ್ಧತಿ. ಎಲ್ಲ ದೀಪಗಳನ್ನು ಒಟ್ಟಿಗೆ ಮುಚ್ಚಿದರೆ ಕತ್ತಲೆ ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ.

ಆದ್ದರಿಂದ ಹುಡುಗನ ಬದಲಾವಣೆಗಳನ್ನು ಒಂದೊಂದಾಗಿ ಮತ್ತೆ ತಂದೆವು. ಎಸ್‌ಎಸ್‌ಡಿ ಹೊರಗೇ ಇತ್ತು, ಕೆಡುವುದಕ್ಕೆ ಏನೂ ಇರಲಿಲ್ಲ. ರ್ಯಾಮ್ 3200 ಮಾತ್ರ: ರಾತ್ರಿಯಿಡೀ ತಪ್ಪಿಲ್ಲ. ರ್ಯಾಮ್ 3600 ಮಾತ್ರ: ಕೆಲವೇ ನಿಮಿಷಗಳಲ್ಲಿ ಕೆಂಪು ಗೆರೆಗಳು. ರ್ಯಾಮನ್ನು ಹಿಂದಕ್ಕೆ ತಂದು, ಪ್ರೊಸೆಸರ್ ಮಾತ್ರ 4.6ಕ್ಕೆ ಏರಿಸಿ ಪ್ರೈಮ್95 ಓಡಿಸಿದೆವು. ಇದು ಬಹಳ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಆರಂಭವಾದ ಯೋಜನೆಯ ಪ್ರೋಗ್ರಾಂ. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಪ್ರೊಸೆಸರಿಗೆ ಕೊಟ್ಟು, ತಪ್ಪು ಉತ್ತರ ಬಂದ ಕೂಡಲೇ ನಿಲ್ಲಿಸುತ್ತದೆ. ಮೇಷ್ಟ್ರು ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳುವ ಹಾಗೆ. ಎರಡೇ ನಿಮಿಷಕ್ಕೆ ತಾಪಮಾನ 90 ಡಿಗ್ರಿ ದಾಟಿತು, ಐದನೇ ನಿಮಿಷಕ್ಕೆ ತಪ್ಪು ಉತ್ತರ ಬಂತು. ಅಂದರೆ ತಪ್ಪು ಒಂದಲ್ಲ, ಎರಡು. ಒಂದನ್ನು ಮಾತ್ರ ಸರಿಪಡಿಸಿ ನೋಡಿದ್ದರೆ "ಅದೂ ಕಾರಣವಲ್ಲ" ಎಂದು ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆವು.

ತಪ್ಪು ನಿಂತರೂ ಗಾಯ ಉಳಿಯುತ್ತದೆ

ಎಲ್ಲವನ್ನೂ ಮೂಲ ಸ್ಥಿತಿಗೆ ತಂದು, ಎಸ್‌ಎಸ್‌ಡಿ ಜೋಡಿಸಿ ವಿಂಡೋಸ್ ಆರಂಭಿಸಿದೆವು. ಅರ್ಧ ಗಂಟೆಗೆ ಮತ್ತೆ ನೀಲಿ ಸ್ಕ್ರೀನ್.

ಹುಡುಗ ಕುಸಿದು ಕುಳಿತ. "ಮದರ್‌ಬೋರ್ಡೇ ಹೋಗಿದೆ ಸರ್. ಅಣ್ಣನಿಗೆ ಏನು ಹೇಳಲಿ?" ಎಂದ. ಅನೇಕರು ಇಲ್ಲಿಯೇ ದಾರಿ ತಪ್ಪುತ್ತಾರೆ. ಹೊಸ ಮದರ್‌ಬೋರ್ಡ್ ಖರೀದಿಸುತ್ತಾರೆ, ಹೊಸ ಪವರ್ ಸಪ್ಲೈ ಹಾಕುತ್ತಾರೆ, ಆದರೂ ತೊಂದರೆ ಹೋಗುವುದಿಲ್ಲ.

ನಾನು ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಅದೇ ಕಂಪ್ಯೂಟರನ್ನು ಇಡೀ ದಿನ ಓಡಿಸಿದೆ. ಭಾರದ ಕೆಲಸ ಕೊಟ್ಟೆ. ಒಮ್ಮೆಯೂ ನಿಲ್ಲಲಿಲ್ಲ. ಅಂದರೆ ಯಂತ್ರ ಆರೋಗ್ಯವಾಗಿದೆ. ಹಾಗಾದರೆ ಕೆಟ್ಟಿರುವುದು ಏನು? ಮೂರು ತಿಂಗಳು ಆ ಕೆಟ್ಟ ರ್ಯಾಮ್ ಮೂಲಕ ಹಾದು ಎಸ್‌ಎಸ್‌ಡಿಯಲ್ಲಿ ಬರೆಯಲ್ಪಟ್ಟ ವಿಂಡೋಸ್‌ನ ಫೈಲುಗಳು. ಆ ಅವಧಿಯಲ್ಲಿ ಬಂದ ಅಪ್‌ಡೇಟ್‌ಗಳೂ, ಹಾಕಿದ ಡ್ರೈವರುಗಳೂ ತಪ್ಪಾಗಿ ಬರೆಯಲ್ಪಟ್ಟಿದ್ದವು. ತಪ್ಪು ಮಾಡುವುದನ್ನು ನಾವು ನಿಲ್ಲಿಸಿದ್ದೆವು, ಆದರೆ ಮಾಡಿದ ತಪ್ಪು ಡಿಸ್ಕಿನಲ್ಲಿ ಹಾಗೆಯೇ ಉಳಿದಿತ್ತು. ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್, ವಿಂಡೋಸ್‌ನ ಫೈಲುಗಳನ್ನು ಸರಿಪಡಿಸುವ ಎಸ್‌ಎಫ್‌ಸಿ ಎರಡನ್ನೂ ಓಡಿಸಿದೆವು. ಕೆಲವು ಸರಿಯಾದವು, ಕೆಲವು ಆಗಲಿಲ್ಲ. ಕೊನೆಗೆ ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದೆವು. ಆಮೇಲೆ ಇವತ್ತಿನವರೆಗೂ ಆ ಕಂಪ್ಯೂಟರ್ ಒಮ್ಮೆಯೂ ಕೈಕೊಟ್ಟಿಲ್ಲ, ಅಲ್‌ಹಮ್ದುಲಿಲ್ಲಾಹ್.

ಇನ್ನು ಉಳಿದದ್ದು ಸಂಘದ ಪಟ್ಟಿ. ಆ ಫೈಲನ್ನು ತೆರೆಯಲು ಮಾಡಿದ ಯಾವ ಪ್ರಯತ್ನವೂ ಫಲಿಸಲಿಲ್ಲ. ಪೆನ್‌ಡ್ರೈವ್‌ನಲ್ಲಿ ಹಳೆಯ ಪ್ರತಿಯೊಂದು ಸಿಕ್ಕಿತು, ಅರವತ್ತರಷ್ಟು ಹೆಸರು ಅದರಲ್ಲಿತ್ತು. ಹುಡುಗನ ಮುಖ ಅರಳಿತು. ನಾನು ಕೇಳಿದೆ, "ಇದನ್ನು ಟೈಪ್ ಮಾಡಿದ್ದು ಯಾವಾಗ?" "ಮಾರ್ಚ್‌ನಲ್ಲಿ ಸರ್." ಅಂದರೆ ಕಂಪ್ಯೂಟರ್ ಕೆಟ್ಟಿದ್ದಾಗಲೇ. ಫೈಲ್ ಓಪನ್ ಆಯಿತೆಂದ ಮಾತ್ರಕ್ಕೆ ಅದರೊಳಗಿನ ಅಂಕೆಗಳು ಸರಿಯೆಂದು ಹೇಳಲಾಗದು. ಖಾತೆ ನಂಬರಿನ ಒಂದು ಅಂಕೆ ಬದಲಾದರೂ ಒಬ್ಬ ಹುಡುಗಿಯ ಕಾಲೇಜು ಫೀಸು ಇನ್ನೊಬ್ಬರ ಖಾತೆಗೆ ಹೋಗಬಹುದು.

"ಕಾಗದದ ಅರ್ಜಿಗಳು ಎಲ್ಲಿವೆ?" ಎಂದೆ. ಕಾರ್ಯದರ್ಶಿಗಳ ಮನೆಯಲ್ಲಿ. ಅಂದರೆ ಅವರಿಗೆ ಹೇಳಲೇಬೇಕು. ಆ ಹುಡುಗನಿಗೆ ಇಡೀ ರಿಪೇರಿಗಿಂತ ಕಷ್ಟವಾದದ್ದು ಆ ಹತ್ತು ಹೆಜ್ಜೆ. ನಾನು ಜೊತೆಗೆ ಬರಲೇ ಎಂದೆ. ಬೇಡ ಸರ್, ನಾನೇ ಹೋಗುತ್ತೇನೆ ಎಂದ. ಹೋಗಿ ಎಲ್ಲವನ್ನೂ ಹೇಳಿದ. ಕಾರ್ಯದರ್ಶಿಗಳು ಇಲ್ಲಿಯೇ ಕುಳಿತಿದ್ದಾರೆ, ನಾನು ಹೇಳುವುದನ್ನು ಅವರು ಮನ್ನಿಸಬೇಕು. ಅವರು ಬಯ್ಯಲಿಲ್ಲ. ಅರ್ಜಿಗಳ ಕಟ್ಟನ್ನು ತಂದು, "ನಾನು ಓದುತ್ತೇನೆ, ನೀನು ಟೈಪ್ ಮಾಡು" ಎಂದರಂತೆ. ಮೂರು ರಾತ್ರಿ ಕುಳಿತರು. ಒಬ್ಬರು ಓದಿ, ಒಬ್ಬರು ಟೈಪ್ ಮಾಡಿ, ಮತ್ತೆ ಅದಲುಬದಲು ಮಾಡಿ ತಾಳೆ ನೋಡಿದರು. ಭಾನುವಾರ ಸಭೆಗೆ ಪಟ್ಟಿ ಸಿದ್ಧವಿತ್ತು.

ಕೊನೆಯ ಮಾತು

ವಿದ್ಯಾರ್ಥಿಗಳೇ, ಪ್ರಯೋಗ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಡಬ್ಬ ಬಿಚ್ಚದವನು ಕಲಿಯುವುದಿಲ್ಲ. ಓವರ್‌ಕ್ಲಾಕ್ ಮಾಡಿ ನೋಡಬೇಕೆಂಬ ಆಸೆಯಿದ್ದರೆ ಹಳೆಯ ಕಂಪ್ಯೂಟರ್ ಒಂದನ್ನು ಅದಕ್ಕಾಗಿಯೇ ಇಟ್ಟುಕೊಳ್ಳಿ, ಅದರಲ್ಲಿ ಯಾರ ಫೈಲೂ ಇರಬಾರದು. ಮೊದಲಿನ ಸ್ಥಿತಿಯನ್ನು ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ನಂತರ ಹತ್ತು ನಿಮಿಷವಲ್ಲ, ಇಡೀ ರಾತ್ರಿ ಪರೀಕ್ಷಿಸಿ. ತಪ್ಪಾದರೆ ಮೊದಲಿನ ಸ್ಥಿತಿಗೆ ಮರಳಿ. ಇನ್ನೊಬ್ಬರು ನಂಬಿ ಕೊಟ್ಟ ಕೆಲಸ ನಿಮ್ಮ ಕಂಪ್ಯೂಟರಿನಲ್ಲಿರುವಾಗ ಆ ಕಂಪ್ಯೂಟರ್ ಪೂರ್ತಿ ನಿಮ್ಮದಲ್ಲ, ಅದು ಅಮಾನತ್. ಅದರ ಮೇಲೆ ಪ್ರಯೋಗ ಬೇಡ.

ಸಂಘದ ಹಿರಿಯರಲ್ಲಿ ಎರಡು ಬಿನ್ನಹ. ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಪ್ರತಿ ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ಇಡೋಣ. ಯಾರು ಏನು ಬದಲಿಸಿದರೂ ದಿನಾಂಕ ಹಾಕಿ ಬರೆಯಲಿ. ಹಾಗೆ ಬರೆದವನಿಗೆ ದಂಡ ಹಾಕದಿರೋಣ. ದಂಡದ ಹೆದರಿಕೆಯಿದ್ದಲ್ಲಿ ಎಲ್ಲ ಕಂಪ್ಯೂಟರುಗಳೂ "ತಾನಾಗಿಯೇ" ಕೆಡುತ್ತವೆ. ಇನ್ನೊಂದು, ಸಂಘದ ಯಾವ ಪಟ್ಟಿಯೂ ಒಂದೇ ಕಂಪ್ಯೂಟರಿನಲ್ಲಿ ಇರದಿರಲಿ. ವಾರಕ್ಕೊಮ್ಮೆ ಬೇರೆಡೆ ನಕಲು ಇಡೋಣ, ಕಾಗದದ ಅರ್ಜಿಗಳನ್ನು ಹಣ ಪಾವತಿಯಾಗುವವರೆಗೆ ಜೋಪಾನ ಮಾಡೋಣ. ಈ ಸಲ ನಮ್ಮನ್ನು ಉಳಿಸಿದ್ದು ಕಂಪ್ಯೂಟರಲ್ಲ, ಕಾಗದ.

ಆ ಹುಡುಗ ಕಳೆದ ತಿಂಗಳು ಮತ್ತೆ ನನ್ನ ಮನೆಗೆ ಬಂದಿದ್ದ. ಈ ಸಲ ಬೇರೆಯವರ ಕಂಪ್ಯೂಟರ್ ರಿಪೇರಿಗೆ ಹೊರಟವನು, ಮೆಮ್‌ಟೆಸ್ಟ್ ಹಾಕಿದ ಪೆನ್‌ಡ್ರೈವ್ ಕೇಳಲು ಬಂದದ್ದು. "ಅವರು ಏನಂತಾರೆ?" ಎಂದೆ. ನಕ್ಕು ಹೇಳಿದ, "ತಾನಾಗಿಯೇ ಹೀಗಾಯಿತಂತೆ ಸರ್. ನಾನು ಮೊದಲು ನನ್ನ ಕಥೆ ಹೇಳುತ್ತೇನೆ, ಆಮೇಲೆ ಅವರದನ್ನು ಕೇಳುತ್ತೇನೆ."

ನಮ್ಮ ತಪ್ಪುಗಳನ್ನು ಒಪ್ಪಿಕೊಳ್ಳುವ ಧೈರ್ಯವನ್ನೂ, ಅದರಿಂದಾದ ಹಾನಿಯನ್ನು ಸರಿಪಡಿಸುವ ತಾಳ್ಮೆಯನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ, ಆಮೀನ್.